ಅಭಿಪ್ರಾಯ ಮತ್ತು ಅಪವಾದ

ಪ್ರತಿ ವರ್ಷ ಮಾರ್ಚ್ ತಿಂಗಳು ಕಳೆದು ಲೆಕ್ಕಪತ್ರದ ವರ್ಷ ಮುಗಿಯುತ್ತಿದ್ದಂತೆ ನಮ್ಮ ಕಚೇರಿಗಳಲ್ಲಿ ಒಂದು ವಿಶಿಷ್ಟವಾದ ಗದ್ಯಪ್ರಕಾರ ರಚನೆಯಾಗತೊಡಗುತ್ತದೆ. ಇದನ್ನು ಬರೆಯುವವರು ಸಾಹಿತಿಗಳಲ್ಲ; ಮೇಲಧಿಕಾರಿಗಳು, ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಬ್ಯಾಂಕಿನ ಶಾಖೆಯ ವ್ಯವಸ್ಥಾಪಕರು. ಇದರ ಕಥಾನಾಯಕ ಕೈಕೆಳಗಿನ ನೌಕರ. ಗಾತ್ರ ನಾಲ್ಕಾರು ಸಾಲು. ಓದುಗರು ಇಬ್ಬರೋ ಮೂವರೋ. ಆದರೂ ಈ ನಾಲ್ಕಾರು ಸಾಲು ಒಂದು ಸಂಸಾರದ ಅನ್ನವನ್ನೂ ಒಬ್ಬ ಮನುಷ್ಯನ ಮರ್ಯಾದೆಯನ್ನೂ ಅಲುಗಿಸಬಲ್ಲವು. ನಮ್ಮ ಮಹಾಕಾವ್ಯಗಳಿಗೂ ಇಷ್ಟು ಲೌಕಿಕ ಬಲವಿಲ್ಲ. ಬಹುಕಾಲ ಇದಕ್ಕೆ ‘ಗೋಪ್ಯ ವರದಿ’ ಎಂದು ಹೆಸರಿತ್ತು. ಈಗ ‘ಕಾರ್ಯನಿರ್ವಹಣಾ ವರದಿ’ ಎಂಬ, ಸ್ವಲ್ಪ ಕಡಿಮೆ ಭಯ ಹುಟ್ಟಿಸುವ ಹೆಸರು ಬಂದಿದೆ.

ಈ ಬರೆಹದಲ್ಲಿ ಅಧಿಕಾರಿ ತನ್ನ ಮನಸ್ಸಿಗೆ ತೋರಿದ್ದನ್ನು ಹೇಳಲೇಬೇಕು. ಹೇಳದಿದ್ದರೆ ವರದಿಯ ಉದ್ದೇಶವೇ ವ್ಯರ್ಥ. ಪಾಠ ಮಾಡದ ಅಧ್ಯಾಪಕನನ್ನು ‘ತೃಪ್ತಿಕರ’ ಎಂದು ಬರೆದು ದಾಟಿಸಿಬಿಟ್ಟರೆ ಅದರ ಬೆಲೆ ತೆರುವವರು ವಿದ್ಯಾರ್ಥಿಗಳು. ಔಷಧದ ಅಳತೆ ತಪ್ಪುವ ದಾದಿಯನ್ನು ಹಾಗೆ ದಾಟಿಸಿದರೆ ತೆರುವವರು ರೋಗಿಗಳು. ಆದರೆ ಹೇಳಬೇಕಾದ ಈ ಹೊಣೆಯನ್ನೇ ಏನನ್ನಾದರೂ ಹೇಳಬಹುದೆಂಬ ಪರವಾನಗಿ ಎಂದು ತಿಳಿದವರೂ ಉಂಟು. ಹಾಗಾದರೆ ಒಬ್ಬನ ಕೆಲಸದ ಬಗೆಗೆ ಇನ್ನೊಬ್ಬನು ಬರೆಯುವ ಮಾತು ಎಲ್ಲಿಯವರೆಗೆ ಅಭಿಪ್ರಾಯ, ಎಲ್ಲಿಂದ ಮುಂದೆ ಮಾನಹಾನಿ? ನಾನು ಕಾನೂನು ಓದಿದವನಲ್ಲ. ಕನ್ನಡ ಪಾಠ ಹೇಳಿಕೊಂಡು ಬಂದವನು. ಕೆಲವು ವರ್ಷ ವಿಭಾಗದ ಹೊಣೆ ಹೊತ್ತು ಇಂಥ ವರದಿಗಳನ್ನು ಬರೆದವನು. ಅದಕ್ಕಿಂತ ಹೆಚ್ಚು ವರ್ಷ ಇಂಥ ವರದಿಗಳಿಗೆ ವಸ್ತುವಾಗಿದ್ದವನು. ಆದರೆ ಈ ಪ್ರಶ್ನೆ ಮೂಲತಃ ಮಾತಿನ ಅರ್ಥಕ್ಕೆ ಸಂಬಂಧಿಸಿದ್ದು. ಆದ್ದರಿಂದ ಭಾಷೆಯ ಅಧ್ಯಾಪಕನಿಗೂ ಇದರಲ್ಲಿ ಪ್ರವೇಶವುಂಟೆಂದು ಭಾವಿಸಿದ್ದೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1860ರ ಭಾರತೀಯ ದಂಡ ಸಂಹಿತೆಯ 499ನೆಯ ಕಲಮು ಮಾನಹಾನಿಯನ್ನು ವಿವರಿಸುತ್ತಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಲ್ಲಿ ಇದು 356ನೆಯ ಕಲಮು. ಅಂಕಿ ಬದಲಾದರೂ ಒಳಗಿನ ಮಾತು ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಹೊಸ ಸಂಹಿತೆ ಇವುಗಳ ಜೊತೆಗೆ ಸಮುದಾಯ ಸೇವೆಯನ್ನೂ ಸೇರಿಸಿದೆ. ಇದಲ್ಲದೆ ನಷ್ಟಪರಿಹಾರ ಕೇಳಿ ಸಿವಿಲ್ ದಾವೆ ಹೂಡುವ ದಾರಿ ಬೇರೆ ಇದೆ.

ಈ ಕಲಮಿನ ವ್ಯಾಪ್ತಿ ನಾವು ಊಹಿಸುವುದಕ್ಕಿಂತ ದೊಡ್ಡದು. ಒಬ್ಬನ ನಡತೆಯನ್ನು ಮಾತ್ರವಲ್ಲ, ಅವನ ಬುದ್ಧಿಯನ್ನು, ಅವನ ವೃತ್ತಿಯಲ್ಲಿ ಅವನಿಗಿರುವ ಹೆಸರನ್ನು ಇತರರ ಕಣ್ಣಿನಲ್ಲಿ ತಗ್ಗಿಸುವ ಆರೋಪವೂ ಕೀರ್ತಿಗೆ ತಂದ ಹಾನಿಯೇ. ಹಾಗೆ ನೋಡಿದರೆ ‘ಈ ಅಧ್ಯಾಪಕರಿಗೆ ಪಾಠ ಮಾಡಲು ಬಾರದು’ ಎಂಬ ವಾಕ್ಯ ಮೇಲುನೋಟಕ್ಕೆ ಕಲಮಿನ ಬಾಗಿಲೊಳಗೇ ನಿಂತಿದೆ. ಪ್ರತಿಕೂಲವಾದ ಪ್ರತಿಯೊಂದು ವರದಿಯೂ ಹಾಗೆಯೇ. ಅದನ್ನು ಹೊರಗೆ ತರುವುದು ಕಲಮಿನ ಕೊನೆಗಿರುವ ಹತ್ತು ವಿನಾಯಿತಿಗಳು. ವಿನಾಯಿತಿಗೆ ಶಾಸ್ತ್ರಗಳಲ್ಲಿ ‘ಅಪವಾದ’ ಎಂಬ ಹೆಸರಿದೆ. ಉತ್ಸರ್ಗ ಮತ್ತು ಅಪವಾದ ಎಂದು ವ್ಯಾಕರಣ ಓದಿದವರಿಗೆ ಗೊತ್ತು. ಲೋಕದಲ್ಲಿ ‘ಅಪವಾದ’ ಎಂದರೆ ಹೊರಿಸಿದ ಕಳಂಕ. ಅಪವಾದದಿಂದ ಬಿಡಿಸುವುದಕ್ಕೂ ಅಪವಾದವೇ ಬೇಕಾಯಿತು ಎಂಬುದು ಈ ಶಬ್ದದ ವಿನೋದ.

ಹತ್ತರಲ್ಲಿ ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದವು ಮುಖ್ಯವಾಗಿ ಏಳನೆಯದು ಮತ್ತು ಒಂಬತ್ತನೆಯದು. ನ್ಯಾಯವಾದ ಅಧಿಕಾರವುಳ್ಳವನು ಆ ಅಧಿಕಾರದ ವಿಷಯದಲ್ಲಿ ಸದ್ಭಾವದಿಂದ ಕೈಕೆಳಗಿನವನನ್ನು ಆಕ್ಷೇಪಿಸಿದರೆ ಅದು ಮಾನಹಾನಿಯಲ್ಲ ಎಂಬುದು ಏಳನೆಯದು. ಇಲಾಖೆಯ ಮುಖ್ಯಸ್ಥ ತನ್ನ ನೌಕರರನ್ನು, ಬ್ಯಾಂಕಿನ ಒಡೆಯ ತನ್ನ ನಗದು ಗುಮಾಸ್ತನನ್ನು, ಉಪಾಧ್ಯಾಯ ತನ್ನ ಶಿಷ್ಯನನ್ನು ಗದರಿಸುವುದು ಇದಕ್ಕೆ ಕೊಟ್ಟಿರುವ ಉದಾಹರಣೆಗಳು. ತನ್ನ ಅಥವಾ ಇತರರ ಹಿತರಕ್ಷಣೆಗಾಗಿ, ಇಲ್ಲವೆ ಸಾರ್ವಜನಿಕ ಹಿತಕ್ಕಾಗಿ, ಸದ್ಭಾವದಿಂದ ಮಾಡಿದ ಆರೋಪಕ್ಕೂ ರಕ್ಷಣೆ ಉಂಟು ಎಂಬುದು ಒಂಬತ್ತನೆಯದು. ಇಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ತನ್ನ ಮೇಲಧಿಕಾರಿಗೆ ಕಳುಹಿಸುವ ವರದಿಯಲ್ಲಿ ಯಾರದೋ ಶೀಲದ ಬಗೆಗೆ ಬರೆಯುವ ಉದಾಹರಣೆಯಿದೆ. ಗೋಪ್ಯ ವರದಿಯ ಮೂಲಪುರುಷ ಇವನೇ ಎನ್ನಬಹುದು.

ಆದರೆ ಸಾಹಿತ್ಯಾಸಕ್ತರು ಓದಬೇಕಾದದ್ದು ಆರನೆಯ ವಿನಾಯಿತಿ. ಅದು ಪುಸ್ತಕವಿಮರ್ಶೆಗೆ ಸಂಬಂಧಿಸಿದ್ದು. ದಂಡ ಸಂಹಿತೆಯ ಮೊದಲ ಕರಡನ್ನು 1837ರಲ್ಲಿ ಸಿದ್ಧಪಡಿಸಿದ ಆಯೋಗದ ಮುಖ್ಯಸ್ಥ ಮೆಕಾಲೆ. ನಮ್ಮ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಅವನ ಹೆಸರಿಗೆ ಅಂಟಿರುವುದು ಬೇರೆಯ ಕಥೆ. ಇಲ್ಲಿ ನೆನೆಯಬೇಕಾದದ್ದು, ಅವನು ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯ ಉಗ್ರ ವಿಮರ್ಶಕನೂ ಆಗಿದ್ದ ಎಂಬುದನ್ನು. 1830ರಲ್ಲಿ ರಾಬರ್ಟ್ ಮಾಂಟ್‌ಗೊಮರಿ ಎಂಬ ಕವಿಯ ಮೇಲೆ ಅವನು ಬರೆದ ವಿಮರ್ಶೆಯಿಂದಾಗಿಯೇ ಆ ಕವಿಯ ಹೆಸರು ಇಂದಿಗೂ ಉಳಿದಿದೆ ಎಂದರೆ ಅದರ ಪೆಟ್ಟು ಎಂಥದೆಂದು ಊಹಿಸಬಹುದು. ಸಂಹಿತೆಯಲ್ಲಿ ಬರುವ ಉದಾಹರಣೆಯ ತಾತ್ಪರ್ಯ ಹೀಗಿದೆ: ಒಬ್ಬ ಗ್ರಂಥಕರ್ತನ ಪುಸ್ತಕವನ್ನು ಓದಿ, ‘ಈ ಪುಸ್ತಕ ಮೂರ್ಖತನದ್ದು, ಇದನ್ನು ಬರೆದವನು ದುರ್ಬಲಮನಸ್ಕನಿರಬೇಕು’ ಎಂದು ವಿಮರ್ಶಕ ಸದ್ಭಾವದಿಂದ ಹೇಳಿದರೆ ಅದು ಅಪರಾಧವಲ್ಲ. ಅದನ್ನೇ ತಿರುಗಿಸಿ, ‘ಈ ಪುಸ್ತಕ ಮೂರ್ಖತನದ್ದಾಗಿರುವುದರಲ್ಲಿ ಆಶ್ಚರ್ಯವೇನು, ಬರೆದವನೇ ದುರ್ಬಲಮನಸ್ಕ, ವಿಷಯಲಂಪಟ’ ಎಂದರೆ ರಕ್ಷಣೆ ತಪ್ಪಿತು.

ಎರಡು ವಾಕ್ಯಗಳಲ್ಲೂ ಬೈಗಳಿದೆ. ಕೇಳುವವನಿಗೆ ಎರಡೂ ಅಷ್ಟೇ ಕಹಿ. ಭೇದವಿರುವುದು ಮಾತಿನ ದಿಕ್ಕಿನಲ್ಲಿ. ಮೊದಲನೆಯದು ಕೃತಿಯಿಂದ ಹೊರಟು ಕರ್ತೃವಿನತ್ತ ಹೋಗುತ್ತದೆ. ಕೃತಿಯಲ್ಲಿ ಕಂಡಷ್ಟು ಮಾತ್ರ ಹೇಳಿ ನಿಲ್ಲುತ್ತದೆ. ಓದುಗ ಬೇಕಾದರೆ ಪುಸ್ತಕವನ್ನು ತೆರೆದು ಆ ತೀರ್ಮಾನವನ್ನು ಒರೆಗೆ ಹಚ್ಚಬಹುದು. ಎರಡನೆಯದು ಕರ್ತೃವಿನ ಖಾಸಗಿ ಬದುಕಿನಿಂದ ಹೊರಟು ಕೃತಿಗೆ ಬರುತ್ತದೆ. ಅದಕ್ಕೆ ಆಧಾರ ಪುಸ್ತಕದಲ್ಲಿಲ್ಲ, ವಿಮರ್ಶಕನ ಮನಸ್ಸಿನಲ್ಲಿದೆ ಅಥವಾ ಊರಿನ ಬಾಯಿಯಲ್ಲಿದೆ. ವಿಮರ್ಶೆಯ ಬಗೆಗೆ ನಾವು ತರಗತಿಗಳಲ್ಲಿ ಗಂಟೆಗಟ್ಟಲೆ ಹೇಳುವುದನ್ನು ಈ ಎರಡು ಉದಾಹರಣೆಗಳು ಎಷ್ಟು ಚೊಕ್ಕವಾಗಿ ಹೇಳಿವೆ! ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದ ದೋಷವಿಚಾರಕ್ಕೆ ಮೀಸಲಾಗಿದೆ. ಅಲ್ಲಿ ದೋಷವನ್ನು ತೋರಿಸಿರುವುದು ಪದ್ಯದಲ್ಲಿ, ಪದ್ಯ ಬರೆದವನ ಮನೆತನದಲ್ಲಲ್ಲ.

ಈಗ ಪುಸ್ತಕದ ಸ್ಥಾನದಲ್ಲಿ ಒಂದು ವರ್ಷದ ಕೆಲಸವನ್ನಿಟ್ಟು ನೋಡಿ. ‘ಇವರು ಈ ವರ್ಷ ವಹಿಸಿಕೊಟ್ಟ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವಧಿ ಮೀರಿ ಹಿಂದಿರುಗಿಸಿದ್ದಾರೆ, ಎರಡು ಸಲ ಲಿಖಿತವಾಗಿ ಎಚ್ಚರಿಸಿದೆ, ಕೆಲಸದಲ್ಲಿ ಆಸಕ್ತಿಯಿಲ್ಲವೆಂದು ನನಗೆ ತೋರುತ್ತದೆ’ ಎಂದು ಬರೆಯುವ ಅಧಿಕಾರಿ ಕಠಿಣನಿರಬಹುದು, ಆದರೆ ಅವನು ಹೇಳಿದ್ದು ಅಭಿಪ್ರಾಯ. ಕಡತಗಳಿವೆ, ದಿನಾಂಕಗಳಿವೆ, ಎಚ್ಚರಿಕೆಯ ಪತ್ರಗಳಿವೆ. ‘ಆಸಕ್ತಿಯಿಲ್ಲ’ ಎಂಬ ತೀರ್ಮಾನ ತಪ್ಪಿದ್ದರೂ ಎಲ್ಲಿ ತಪ್ಪಿತೆಂದು ತೋರಿಸಬಹುದು. ‘ಮನೆಯಲ್ಲಿ ಕಾಯಿಲೆಯಿತ್ತು, ರಜೆಯ ಅರ್ಜಿ ಇಲ್ಲಿದೆ’ ಎಂದು ನೌಕರ ಉತ್ತರ ಕೊಡಬಹುದು. ಇದರ ಬದಲು ಅಧಿಕಾರಿ ‘ಇವರು ಸೋಮಾರಿ’ ಎಂದಷ್ಟೇ ಬರೆದರೆ ಉತ್ತರ ಕೊಡಲು ಹಿಡಿಯೇ ಸಿಗುವುದಿಲ್ಲ. ಆ ಶಬ್ದದ ಹಿಂದೆ ಏನೋ ಇದೆಯೆಂದು ಓದುವ ಮೇಲಿನವರು ಊಹಿಸಿಕೊಳ್ಳುತ್ತಾರೆ, ಊಹೆ ಸತ್ಯಕ್ಕಿಂತ ಯಾವಾಗಲೂ ಉದಾರವಾಗಿ ಬೆಳೆಯುತ್ತದೆ. ಇನ್ನು ‘ಇವರು ಕಡತಕ್ಕೆ ಹಣ ಕೇಳುತ್ತಾರೆ’ ಎಂದರಂತೂ ಅದು ಅಭಿಪ್ರಾಯವೇ ಅಲ್ಲ. ಅದು ಒಂದು ಸಂಗತಿಯ ಹೇಳಿಕೆ. ನಡೆದಿರಬೇಕು, ಇಲ್ಲವೆ ನಡೆದಿಲ್ಲದಿರಬೇಕು. ‘ನನ್ನ ಅಭಿಪ್ರಾಯದಲ್ಲಿ’ ಎಂಬ ಎರಡು ಶಬ್ದಗಳನ್ನು ಮುಂದೆ ಹಚ್ಚಿದ ಮಾತ್ರಕ್ಕೆ ಅದರ ಸ್ವರೂಪ ಬದಲಾಗದು.

ನಡೆದದ್ದು ನಿಜವೇ ಆಗಿದ್ದರೆ? ಸಿವಿಲ್ ದಾವೆಯಲ್ಲಿ ಸತ್ಯ ಪೂರ್ಣ ರಕ್ಷಣೆ. ದಂಡ ಸಂಹಿತೆ ಅದಕ್ಕಿಂತ ಬಿಗಿ. ಸತ್ಯವಾಗಿದ್ದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಬೇಕು. ಒಬ್ಬಳು ಗುಮಾಸ್ತೆ ಗಂಡನಿಂದ ಬೇರೆಯಾಗಿದ್ದಾಳೆಂಬುದು ನಿಜವಿರಬಹುದು. ವರದಿಯ ಷರಾ ಅಂಕಣದಲ್ಲಿ ಅದಕ್ಕೇನು ಕೆಲಸ?

ಕಾನೂನು ಮತ್ತೆ ಮತ್ತೆ ಬಳಸುವ ‘ಸದ್ಭಾವ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮ ಬಳಕೆಯಲ್ಲಿ ಸದ್ಭಾವವೆಂದರೆ ಮನಸ್ಸಿನಲ್ಲಿ ಕೆಡುಕಿಲ್ಲದಿರುವುದು. ದಂಡ ಸಂಹಿತೆಯಲ್ಲಿ ಅದರ ಅರ್ಥ ಬೇರೆ. ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ ಯಾವುದನ್ನೂ, ನಂಬಿದ ಯಾವುದನ್ನೂ ಸದ್ಭಾವದ್ದೆನ್ನಲಾಗದು ಎಂದು ಅದರ 52ನೆಯ ಕಲಮು ಹೇಳುತ್ತಿತ್ತು. ಹೊಸ ಸಂಹಿತೆಯಲ್ಲೂ ಈ ವ್ಯಾಖ್ಯೆ ಇದೆ. ಹೃದಯ ಶುದ್ಧವಾಗಿದ್ದರೆ ಸಾಲದು, ಕಣ್ಣು ತೆರೆದಿರಬೇಕು. ಈ ಭೇದ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ.

ನಾನು ಕೆಲಸ ಮಾಡಿದ ಕಾಲೇಜುಗಳಲ್ಲೊಂದರಲ್ಲಿ ಒಬ್ಬ ಗ್ರಂಥಪಾಲಕರಿದ್ದರು. ಮಿತಭಾಷಿ, ಪುಸ್ತಕಗಳ ಬೆನ್ನನ್ನು ಮುಟ್ಟಿಯೇ ಯಾವುದೆಂದು ಹೇಳಬಲ್ಲವರು. ಒಂದು ವರ್ಷ ಪುಸ್ತಕಗಳ ಎಣಿಕೆ ನಡೆದಾಗ ಅರುವತ್ತಕ್ಕೂ ಮೇಲ್ಪಟ್ಟು ಗ್ರಂಥಗಳು ಕಪಾಟಿನಲ್ಲಿರಲಿಲ್ಲ. ಆ ವರ್ಷದ ಗೋಪ್ಯ ವರದಿಯಲ್ಲಿ ಪ್ರಾಂಶುಪಾಲರು ‘ಪ್ರಾಮಾಣಿಕತೆ ಸಂದೇಹಾಸ್ಪದ’ ಎಂದು ಎರಡು ಶಬ್ದ ಬರೆದರು. ಗೋಪ್ಯ ವರದಿಯಾದ್ದರಿಂದ ಇವರಿಗೆ ತಿಳಿಯಲಿಲ್ಲ. ನಾಲ್ಕು ವರ್ಷದ ಮೇಲೆ ಬಡ್ತಿಯ ಪಟ್ಟಿಯಲ್ಲಿ ಹೆಸರು ಕಾಣದೆ ವಿಚಾರಿಸಿದಾಗ ಗುಮಾಸ್ತರೊಬ್ಬರು ಪಿಸುದನಿಯಲ್ಲಿ ಕಾರಣ ತಿಳಿಸಿದರು. ಆಮೇಲೆ ಗ್ರಂಥಾಲಯದ ಸಮಿತಿಯವರು ಹಳೆಯ ವಿತರಣಾ ಪುಸ್ತಕವನ್ನು ತೆಗೆಸಿ ನೋಡಿದೆವು. ಕಾಣೆಯಾದ ಗ್ರಂಥಗಳಲ್ಲಿ ಬಹುಪಾಲು ಅಧ್ಯಾಪಕರ ಹೆಸರಿನಲ್ಲೇ ಇದ್ದವು. ಕೆಲವರು ನಿವೃತ್ತರಾಗಿದ್ದರು, ಕೆಲವರು ವರ್ಗವಾಗಿ ಹೋಗಿದ್ದರು, ಇಬ್ಬರು ತೀರಿಕೊಂಡಿದ್ದರು. ಪ್ರತಿಯೊಬ್ಬರಿಗೂ ಬರೆದ ನೆನಪೋಲೆಯ ಪ್ರತಿ ಗ್ರಂಥಪಾಲಕರ ಮೇಜಿನ ಖಾನೆಯಲ್ಲಿ ದಾರ ಕಟ್ಟಿ ಇಟ್ಟಂತೆಯೇ ಇತ್ತು. ಆ ವೇಳೆಗೆ ಅವರ ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಬಡ್ತಿ ಬರಲಿಲ್ಲ. ‘ಸಂಬಳ ಹೋಗಲಿ ಸ್ವಾಮಿ, ಆ ಎರಡು ಶಬ್ದ ಕಡತದಲ್ಲಿ ಇದ್ದೇ ಇರುತ್ತದಲ್ಲ’ ಎಂದು ಒಂದೇ ಸಲ ಅಂದರು.

ಆ ಪ್ರಾಂಶುಪಾಲರಿಗೆ ಇವರ ಮೇಲೆ ದ್ವೇಷವಿರಲಿಲ್ಲ. ಅವರು ಕೆಟ್ಟವರೂ ಅಲ್ಲ. ಪುಸ್ತಕ ಕಾಣೆಯಾಗಿದೆ, ಪುಸ್ತಕದ ಹೊಣೆ ಇವರದು, ಆದ್ದರಿಂದ ಸಂದೇಹ ಎಂದು ತರ್ಕ ಮಾಡಿದರು. ಆದರೆ ಕೂಗಳತೆಯಲ್ಲಿದ್ದ ವಿತರಣಾ ಪುಸ್ತಕವನ್ನು ತೆರೆಯಲಿಲ್ಲ. ಮನೆಯ ಭಾಷೆಯಲ್ಲಿ ಇದು ಸದ್ಭಾವವೇ. ಕಾನೂನಿನ ಭಾಷೆಯಲ್ಲಿ ಹಾಗೆನ್ನುವುದು ಕಷ್ಟ. ‘ಎಣಿಕೆಯಲ್ಲಿ ಇಷ್ಟು ಗ್ರಂಥಗಳು ದೊರೆತಿಲ್ಲ, ಗ್ರಂಥಪಾಲಕರಿಂದ ವಿವರಣೆ ಪಡೆಯಬೇಕಾಗಿದೆ’ ಎಂದು ಬರೆದಿದ್ದರೆ ಅದು ಇನ್ನೂ ಉದ್ದವಾದ, ಇನ್ನೂ ನೀರಸವಾದ ವಾಕ್ಯವಾಗುತ್ತಿತ್ತು, ಮತ್ತು ನಿಜವಾಗಿರುತ್ತಿತ್ತು.

ಹೇಳಿದ್ದೇನು ಎಂಬುದರಷ್ಟೇ ಯಾರಿಗೆ ಹೇಳಿದರು ಎಂಬುದೂ ಮುಖ್ಯ. ಇದಕ್ಕೆ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ಇಂದಿಗೂ ಬುನಾದಿಯಾಗಿದೆ: 1834ರ ಟೂಗುಡ್ ಮತ್ತು ಸ್ಪೈರಿಂಗ್ ಮೊಕದ್ದಮೆ. ಒಬ್ಬ ಬಡಗಿಯನ್ನು ಅವನ ಯಜಮಾನ ಒಕ್ಕಲಿನವನೊಬ್ಬನ ಮನೆಯ ಕೆಲಸಕ್ಕೆ ಕಳುಹಿಸಿದ್ದ. ಬಡಗಿ ನೆಲಮಾಳಿಗೆಯ ಬಾಗಿಲು ಮುರಿದು ಕುಡಿದು ಕೆಲಸ ಕೆಡಿಸಿದನೆಂದು ಮನೆಯವನು ಆರೋಪಿಸಿದ. ಆ ಆರೋಪವನ್ನು ಬಡಗಿಯ ಮುಖಕ್ಕೇ ಹೇಳಿದ, ಆಗ ಮೂರನೆಯವನೊಬ್ಬ ಅಲ್ಲಿದ್ದ, ಆಮೇಲೆ ಬಡಗಿ ಇಲ್ಲದಾಗ ಅದೇ ಮೂರನೆಯವನಿಗೆ ಹೇಳಿದ, ಯಜಮಾನನಿಗೂ ಹೇಳಿದ. ಮುಖಕ್ಕೆ ಹೇಳಿದ್ದಕ್ಕೂ ಯಜಮಾನನಿಗೆ ದೂರಿದ್ದಕ್ಕೂ, ದ್ವೇಷವಿಲ್ಲದ ಪಕ್ಷದಲ್ಲಿ, ರಕ್ಷಣೆಯಿದೆ. ಕೇಳಬೇಕಾದ ಯಾವ ಹೊಣೆಯೂ ಇಲ್ಲದ ಮೂರನೆಯವನಿಗೆ ಹಿಂದಿನಿಂದ ಹೇಳಿದ್ದಕ್ಕೆ ಇಲ್ಲ ಎಂದು ನ್ಯಾಯಾಲಯ ಭೇದ ಮಾಡಿತು. ಮಾತು ಒಂದೇ, ಕಿವಿ ಬೇರೆ. ಹೇಳುವವನಿಗೆ ಹೇಳುವ ಹೊಣೆ, ಕೇಳುವವನಿಗೆ ಕೇಳುವ ಹೊಣೆ, ಎರಡೂ ಕೂಡಿದಾಗ ಮಾತ್ರ ಕಟುವಾದ ಮಾತಿಗೆ ಕಾನೂನಿನ ನೆರಳು ದೊರೆಯುತ್ತದೆ. ಇಂದಿನ ವಾಟ್ಸಾಪ್ ಬಳಗಗಳಲ್ಲಿ ನಲವತ್ತು ಜನ ಸಹೋದ್ಯೋಗಿಗಳ ಮುಂದೆ ಒಬ್ಬನ ವರ್ಷದ ಕೆಲಸವನ್ನು ತೀರ್ಮಾನಿಸಿಬಿಡುವ ವ್ಯವಸ್ಥಾಪಕರಿಗೆ ಈ ಬಡಗಿಯ ಕಥೆ ತಿಳಿದಿದ್ದರೆ ಒಳ್ಳೆಯದು.

ಇನ್ನು ನಮ್ಮ ಅಲಂಕಾರಶಾಸ್ತ್ರಕ್ಕೆ ಸೇರಿದ ಒಂದು ಮಾತು. ವರದಿಗಳಲ್ಲಿ ನೇರವಾಗಿ ನಿಂದಿಸುವ ಧೈರ್ಯವಿಲ್ಲದವರು ವ್ಯಾಜಸ್ತುತಿಯನ್ನು ಆಶ್ರಯಿಸುತ್ತಾರೆ. ‘ಇವರು ಕೆಲವೊಮ್ಮೆ ಕಾಲೇಜಿಗೆ ಬರುವುದನ್ನು ನಾನೇ ಕಂಡಿದ್ದೇನೆ’ ಎಂದು ಬರೆದ ಮುಖ್ಯಸ್ಥರೊಬ್ಬರನ್ನು ನಾನು ಬಲ್ಲೆ. ಬರೆದು ತುಂಬ ಸಂತೋಷಪಟ್ಟಿದ್ದರು. ಅಭಿಧೆಯಲ್ಲಿ ಇಲ್ಲಿ ದೂಷಣೆಯಿಲ್ಲ, ಇರುವುದೆಲ್ಲ ವ್ಯಂಜನೆಯಲ್ಲಿ. ಕಾನೂನು ಧ್ವನಿಯನ್ನು ಕೇಳಲಾರದೆಂದು ಇಂಥವರು ನಂಬಿರುತ್ತಾರೆ. ಆದರೆ ಸಂಹಿತೆಯ ಮೊತ್ತಮೊದಲ ಉದಾಹರಣೆಯೇ ಇದು: ‘ಅವನು ಪ್ರಾಮಾಣಿಕ, ಗಡಿಯಾರವನ್ನು ಖಂಡಿತ ಕದ್ದಿಲ್ಲ’ ಎಂದು, ಕದ್ದಿದ್ದಾನೆಂದು ನಂಬಿಸುವ ಉದ್ದೇಶದಿಂದಲೇ ಒಬ್ಬ ಹೇಳಿದರೆ ಅದು ಮಾನಹಾನಿ. ವ್ಯಂಗ್ಯವಾಗಿ ಹೇಳಿದ ಆರೋಪವೂ ಆರೋಪವೇ ಎಂದು ವಿವರಣೆಯಲ್ಲಿ ಸ್ಪಷ್ಟವಾಗಿಯೇ ಇದೆ. ಆನಂದವರ್ಧನನ ಶಿಷ್ಯರು ದಂಡ ಸಂಹಿತೆಯನ್ನು ಓದಿದರೆ ನಿರಾಶರಾಗಲಾರರು.

ಮೌನಕ್ಕೂ ಧ್ವನಿಯುಂಟು. ಕೇಂದ್ರ ಸರಕಾರದ ವರದಿಗಳಲ್ಲಿ ಪ್ರಾಮಾಣಿಕತೆಗೆಂದೇ ಒಂದು ಅಂಕಣವಿದೆ. ಅಧಿಕಾರಿಗೆ ಸಂದೇಹವಿದ್ದು ಇನ್ನೂ ನಿಶ್ಚಯವಿಲ್ಲದಿದ್ದರೆ ಆ ಅಂಕಣವನ್ನು ಖಾಲಿ ಬಿಟ್ಟು, ಪ್ರತ್ಯೇಕವಾದ ರಹಸ್ಯ ಟಿಪ್ಪಣಿ ಬರೆದು, ವಿಚಾರಣೆ ಮುಂದುವರಿಸಬೇಕೆಂಬ ಸೂಚನೆ ಬಹುಕಾಲದಿಂದ ಇದೆ. ಊಹೆಯನ್ನು ತೀರ್ಪಿನಂತೆ ದಾಖಲಿಸಬಾರದೆಂಬ ಒಳ್ಳೆಯ ಉದ್ದೇಶದ ಸೂಚನೆಯದು. ಆದರೆ ಕಚೇರಿಯ ಓದುಗರು ನುರಿತವರು. ಖಾಲಿ ಅಂಕಣವನ್ನು ತುಂಬಿದ ಅಂಕಣಕ್ಕಿಂತ ಚೆನ್ನಾಗಿ ಓದುತ್ತಾರೆ. ಹಾಗೆ ಬಿಟ್ಟ ಖಾಲಿ ಜಾಗವನ್ನು ಕಾಲಕ್ಕೆ ಸರಿಯಾಗಿ ತುಂಬದೆ ಮರೆತರೆ ಅದೂ ಒಂದು ಬರೆಹವೇ. ಪ್ರಾಮಾಣಿಕತೆಯ ಪ್ರಶ್ನೆಯ ಮೇಲೆ ಕಡ್ಡಾಯವಾಗಿ ನಿವೃತ್ತಿಗೊಳಿಸಲಾದ ಒಬ್ಬ ಹಿರಿಯ ಅಧಿಕಾರಿಯ ಮೊಕದ್ದಮೆಯಲ್ಲಿ, 1998ರಲ್ಲಿ, ಸುಪ್ರೀಂ ಕೋರ್ಟು ಯಾರೂ ಒಮ್ಮೆಗೇ ಕಡುದುಷ್ಟರಾಗುವುದಿಲ್ಲ ಎಂಬರ್ಥದ ಲ್ಯಾಟಿನ್ ಸೂಕ್ತಿಯೊಂದನ್ನು ನೆನಪಿಸಿ, ಅಂಥ ಷರಾಕ್ಕೆ ತಕ್ಕ ಸಾಮಗ್ರಿ ಬೇಕೆಂದಿತು.

ನ್ಯಾಯಾಧೀಶರೂ ಈ ಎಚ್ಚರಕ್ಕೆ ಹೊರತಲ್ಲ. ಅಲಹಾಬಾದಿನ ಉಚ್ಚ ನ್ಯಾಯಾಲಯದಲ್ಲಿ ಆನಂದ ನಾರಾಯಣ ಮುಲ್ಲಾ ಎಂಬ ನ್ಯಾಯಮೂರ್ತಿಗಳಿದ್ದರು. ಉರ್ದೂ ಸಾಹಿತ್ಯ ಬಲ್ಲವರಿಗೆ ಅವರು ಕವಿಯೆಂದೇ ಪರಿಚಿತರು. ಒಂದು ಮೊಕದ್ದಮೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ನಡತೆಯನ್ನು ವಿಮರ್ಶಿಸುತ್ತ, ಇಡೀ ಪೊಲೀಸ್ ಪಡೆಯೇ ದೇಶದ ಯಾವ ಅಪರಾಧಿಗಳ ಗುಂಪಿಗಿಂತಲೂ ಮಿಗಿಲಾದದ್ದು ಎಂಬರ್ಥದ ಮಾತನ್ನು ತೀರ್ಪಿನಲ್ಲಿ ಬರೆದರು. ಕವಿಯ ಲೇಖನಿ, ಮಾತು ದೇಶದಲ್ಲೆಲ್ಲ ಹರಡಿತು, ಇಂದಿಗೂ ಜನ ಅದನ್ನು ಉದ್ಧರಿಸುತ್ತಾರೆ. ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1963ರಲ್ಲಿ ಆ ವ್ಯಾಪಕ ಮಾತುಗಳನ್ನು ತೆಗೆದುಹಾಕಲಾಯಿತು. ಆಗ ಸುಪ್ರೀಂ ಕೋರ್ಟು ಕೇಳಿದ ಮೂರು ಪ್ರಶ್ನೆಗಳು ಮುಖ್ಯವಾದವು. ಯಾರ ಬಗೆಗೆ ಹೇಳಲಾಯಿತೋ ಅವರಿಗೆ ತಮ್ಮ ಸಮರ್ಥನೆ ಹೇಳಿಕೊಳ್ಳುವ ಅವಕಾಶವಿತ್ತೇ? ಆ ಮಾತಿಗೆ ದಾಖಲೆಯಲ್ಲಿ ಆಧಾರವಿತ್ತೇ? ಕೈಯಲ್ಲಿದ್ದ ವಿಷಯವನ್ನು ತೀರ್ಮಾನಿಸಲು ಆ ಮಾತು ಬೇಕಿತ್ತೇ? ನ್ಯಾಯಾಲಯದ ತೀರ್ಪಿಗಾಗಿ ಹೇಳಿದ ಈ ಪ್ರಶ್ನೆಗಳನ್ನು ವರದಿ ಬರೆಯುವ ಪ್ರತಿ ಮೇಜಿನ ಗಾಜಿನ ಕೆಳಗೆ ಇಡಬಹುದು. ಅದರಲ್ಲೂ ಮೂರನೆಯದನ್ನು. ಆಧಾರವಿರುವ ಮಾತುಗಳಲ್ಲೂ ಎಷ್ಟೋ ಅನಾವಶ್ಯಕವಾಗಿರುತ್ತವೆ. ಚೆನ್ನಾಗಿ ಬರೆಯಬಲ್ಲವರಿಗೆ ಆ ಅಪಾಯ ಇನ್ನೂ ಹೆಚ್ಚು.

ನಿಂದೆಯ ಶಬ್ದಗಳಿಂದ ಮಾತ್ರ ಹಾನಿಯಾಗುತ್ತದೆಂಬ ನಮ್ಮ ಭಾವನೆಯನ್ನು ಅಲುಗಿಸಿದ ಇನ್ನೊಂದು ತೀರ್ಪಿದೆ. ಗಡಿ ರಸ್ತೆಗಳ ಇಲಾಖೆಯ ಇಂಜಿನಿಯರೊಬ್ಬರಿಗೆ 1993-94ರ ವರದಿಯಲ್ಲಿ ‘ಉತ್ತಮ’ ಎಂಬ ಷರಾ ಬಂದಿತ್ತು. ಯಾವ ಶಬ್ದಕೋಶವನ್ನು ತೆರೆದರೂ ಇದು ಹೊಗಳಿಕೆಯೇ. ಆದರೆ ಮೇಲಿನ ಹುದ್ದೆಗೆ ಪರಿಶೀಲನೆಯಾಗಲು ಹಿಂದಿನ ಐದು ವರ್ಷವೂ ‘ಅತ್ಯುತ್ತಮ’ ಬೇಕೆಂಬ ನಿಯಮವಿತ್ತು. ಆ ಒಂದು ವರ್ಷದ ‘ಉತ್ತಮ’ ಅವರ ದಾರಿಗೆ ಅಡ್ಡ ನಿಂತಿತು, ಮತ್ತು ನಿಂದೆಯಲ್ಲವೆಂಬ ಕಾರಣದಿಂದಲೇ ಅದನ್ನು ಅವರಿಗೆ ತಿಳಿಸಿರಲಿಲ್ಲ. ದೇವ್ ದತ್ ಮೊಕದ್ದಮೆ ಎಂದು ಪ್ರಸಿದ್ಧವಾದ ಇದರಲ್ಲಿ ಸುಪ್ರೀಂ ಕೋರ್ಟು 2008ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, ಕಳಪೆಯಿಂದ ಅತ್ಯುತ್ತಮದವರೆಗೆ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದಿತು. ಸೈನ್ಯವನ್ನು ಮಾತ್ರ ಹೊರಗಿಟ್ಟಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಎತ್ತಿಹಿಡಿಯಿತು. ಶಬ್ದಕ್ಕೆ ಸ್ವತಂತ್ರವಾದ ಅರ್ಥವಿಲ್ಲ, ಪಕ್ಕದ ಶಬ್ದಗಳ ಸಾಲಿನಲ್ಲಿ ಅದು ನಿಂತ ಜಾಗವೇ ಅದರ ಅರ್ಥ ಎಂದು ಭಾಷಾಶಾಸ್ತ್ರಜ್ಞರು ಹೇಳುವುದನ್ನು ನ್ಯಾಯಾಲಯ ಸೇವಾನಿಯಮಗಳ ದಾರಿಯಿಂದ ಬಂದು ಮುಟ್ಟಿತು.

ಇದರ ಪರಿಣಾಮ ಸಣ್ಣದಲ್ಲ. 2009ರಲ್ಲಿ ಕೇಂದ್ರ ಸರಕಾರ, ಪ್ರಾಮಾಣಿಕತೆಯ ಷರಾವೂ ಸೇರಿ ಇಡೀ ವರದಿಯನ್ನು ನೌಕರನಿಗೆ ತೋರಿಸಿ, ಆಕ್ಷೇಪಣೆ ಸಲ್ಲಿಸಲು 15 ದಿನ ಕೊಡಬೇಕೆಂದು ಆದೇಶ ಮಾಡಿತು. ಅಲ್ಲಿಯವರೆಗೆ ಗೋಪ್ಯ ವರದಿ ಒಂದು ವಿಚಿತ್ರ ಕೃತಿಯಾಗಿತ್ತು: ಯಾರನ್ನು ಕುರಿತು ಬರೆದದ್ದೋ ಅವನೊಬ್ಬನನ್ನು ಬಿಟ್ಟು ಉಳಿದವರು ಓದುವ ಕೃತಿ. ಕಥಾನಾಯಕನೇ ಓದುಗನಾದಾಗ ಬರೆಯುವವನ ಕೈ ತಾನಾಗಿ ಬದಲಾಗುತ್ತದೆ. ‘ಸೋಮಾರಿ’ ಎಂದು ಬರೆಯುವ ಮುನ್ನ ಕಡತ ತೆರೆಸಬೇಕಾಗುತ್ತದೆ. ನನ್ನ ಗೆಳೆಯರು ಕೆಲವರು ಇದರಿಂದ ವರದಿಗಳು ಸಪ್ಪೆಯಾದವು, ಯಾರೂ ನಿಜ ಬರೆಯುವುದಿಲ್ಲ, ಎಲ್ಲರೂ ಹತ್ತಕ್ಕೆ ಒಂಬತ್ತು ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂದು ದೂರುತ್ತಾರೆ. ಅವರ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಎದುರಿಗೆ ಹೇಳಲಾರದ್ದನ್ನು ಹಿಂದಿನಿಂದ ಬರೆಯುವುದನ್ನೇ ನಿಷ್ಠುರತೆ ಎಂದು ನಾವು ಬಹುಕಾಲ ಕರೆಯುತ್ತ ಬಂದಿದ್ದೇವೆ. ಆ ನಿಷ್ಠುರತೆ ಹೋದರೆ ನನಗೆ ವ್ಯಥೆಯಿಲ್ಲ.

ಖಾಸಗಿ ಸಂಸ್ಥೆಗಳ ಮಾತು ಬೇರೆ. ದೇವ್ ದತ್ ತೀರ್ಪು ಸರಕಾರ ಮತ್ತು ಸರಕಾರದ ಅಂಗಸಂಸ್ಥೆಗಳನ್ನು ಕುರಿತದ್ದು. ಬೆಂಗಳೂರಿನ ತಂತ್ರಾಂಶ ಕಂಪನಿಗಳಿಗೆ ಅದು ನೇರವಾಗಿ ತಗಲುವುದಿಲ್ಲ. ಅಲ್ಲಿ ನೌಕರನಿಗೆ ಇರುವುದು ಒಪ್ಪಂದದ ಕಾಗದ ಮತ್ತು ಎಲ್ಲರಿಗೂ ಸಮಾನವಾದ ಮಾನಹಾನಿಯ ಕಾನೂನು. ಆ ಕಾನೂನಿನ ಬಾಗಿಲು ತಟ್ಟುವುದು ದುಬಾರಿ, ನಿಧಾನ; ಗೆದ್ದರೂ ನಾಲ್ಕು ಜನ ಮರೆತಿದ್ದ ಮಾತನ್ನು ನಾನೂರು ಜನಕ್ಕೆ ನೆನಪಿಸಿದಂತಾಗುತ್ತದೆ. ಸರಕಾರಿ ನೌಕರನಿಗೂ ಹೆಚ್ಚು ಪ್ರಯೋಜನಕ್ಕೆ ಬರುವುದು ಮೊಕದ್ದಮೆಯಲ್ಲ, ಕಾಲಕ್ಕೆ ಸರಿಯಾಗಿ ಕೊಟ್ಟ ಒಂದು ಪುಟದ ಆಕ್ಷೇಪಣೆ.

ಅಷ್ಟೇಕೆ, ವರದಿಯ ನಮೂನೆಯಲ್ಲಿ ಮೇಲಧಿಕಾರಿಯ ಅಂಕಣಕ್ಕಿಂತ ಮೊದಲು ನೌಕರನೇ ತನ್ನ ವರ್ಷದ ಕೆಲಸವನ್ನು ವಿವರಿಸುವ ಅಂಕಣವೊಂದಿರುತ್ತದೆ. ನಾನು ವಿಭಾಗದ ಮುಖ್ಯಸ್ಥನಾಗಿದ್ದಷ್ಟು ಕಾಲವೂ ನನ್ನ ಮುಂದೆ ಬಂದ ನಮೂನೆಗಳಲ್ಲಿ ಅತ್ಯಂತ ಬಡವಾಗಿ ತುಂಬಿರುತ್ತಿದ್ದುದು ಅದೇ. ‘ವಹಿಸಿದ ಕೆಲಸಗಳನ್ನು ನಿರ್ವಹಿಸಿದ್ದೇನೆ’ ಎಂದು ಒಂದು ಸಾಲು. ಕೆಲವರದು ಹಿಂದಿನ ವರ್ಷದ ನಕಲು. ಪ್ರಾಚೀನ ಸಾಹಿತ್ಯದಲ್ಲಿ ಒಳ್ಳೆಯ ವಿದ್ವಾಂಸರಾಗಿದ್ದ ಒಬ್ಬರಂತೂ ಅಲ್ಲಿ ಒಂದು ಗೆರೆ ಎಳೆದು ರುಜು ಮಾಡಿ ಕಳುಹಿಸುತ್ತಿದ್ದರು. ಎಷ್ಟು ತರಗತಿ ತೆಗೆದುಕೊಂಡೆ, ಯಾವ ಪಠ್ಯ ಮುಗಿಸಿದೆ, ಯಾವುದು ಮುಗಿಯಲಿಲ್ಲ ಮತ್ತು ಏಕೆ ಎಂದು ಹತ್ತು ಸಾಲು ಬರೆಯಿರಿ ಎಂದು ನಾನು ನಮೂನೆಯನ್ನು ಹಿಂದಿರುಗಿಸುತ್ತಿದ್ದೆ. ‘ನಮ್ಮನ್ನು ನಾವೇ ಹೊಗಳಿಕೊಳ್ಳುವುದೇ?’ ಎಂದು ಸಂಕೋಚಪಡುತ್ತಿದ್ದರು. ಹೊಗಳಿಕೆ ಬೇಡ, ಲೆಕ್ಕ ಸಾಕು ಎನ್ನುತ್ತಿದ್ದೆ. ಆಮೇಲೆ ನಾನು ಏನು ಬರೆದರೂ ಅದು ಆ ಹತ್ತು ಸಾಲಿನ ಕೆಳಗೇ ಬರಬೇಕಾಗಿತ್ತು.